ಲೂಸು ಕೊಕ್ಕೆ

ಮೊನ್ನೆಯಷ್ಟೇ ತಂದ ಅಳತೆ ಟೇಪನ್ನು ನಮ್ಮ ದೊಡ್ಡಪ್ಪ ಕೆಡಿಸಿಬಿಟ್ಟರು. ಕೆಡಿಸಿದರು ಅಂದರೆ ಅವರಿಗೆ ಸಿಟ್ಟು. ಅವರ ಲೆಕ್ಕದಲ್ಲಿ ಅದು ರಿಪೇರಿ.

ಟೇಪಿನ ತುದಿಯಲ್ಲಿ ತಗಡಿನ ಕೊಕ್ಕೆ ಇರುತ್ತದಲ್ವಾ? ಅದು ಒಂಚೂರು ಅಲ್ಲಾಡುತ್ತದೆ. ದೊಡ್ಡಪ್ಪನಿಗೆ ಅಲ್ಲಾಡುವ ವಸ್ತು ಕಂಡರೆ ಆಗುವುದಿಲ್ಲ. ಚಿಕ್ಕಮಗಳೂರಿನ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಇದ್ದಬದ್ದ ಟೇಪನ್ನೆಲ್ಲ ಕಿವಿಯ ಹತ್ತಿರ ಹಿಡಿದು ಟಿಕ್ ಟಿಕ್ ಅನ್ನಿಸಿ ನೋಡುತ್ತಾರೆ. ‘ಎಲ್ಲಾ ಲೂಸು ಮಾಲು ಕಣಯ್ಯ’ ಅಂತ ಅಂಗಡಿಯವನಿಗೆ ಬೈದು, ಇದ್ದುದರಲ್ಲಿ ಕಡಿಮೆ ಲೂಸಾದದ್ದನ್ನು ಚೌಕಾಸಿ ಮಾಡಿ ತರುತ್ತಾರೆ. ಮನೆಗೆ ಬಂದವರು ಕಾಫಿಯನ್ನೂ ಕುಡಿಯದೆ ಅದನ್ನು ಒರಳುಕಲ್ಲಿನ ಮೇಲಿಟ್ಟು ರಿವೆಟ್ಟಿಗೆ ಸುತ್ತಿಗೆಯಲ್ಲಿ ನಾಲ್ಕು ಬಿಡುತ್ತಾರೆ. ನೆಂಟರ ಮನೆಗೆ ಹೋದರೂ ಮೊದಲು ಕೇಳುವುದು, ‘ಟೇಪ್ ಎಲ್ಲಿಟ್ಟಿದೀರಿ?’ ನಮ್ಮ ಬಳಗದಲ್ಲಿ ಅಲ್ಲಾಡುವ ಕೊಕ್ಕೆ ಒಂದೂ ಉಳಿದಿಲ್ಲ.

ಅವರು ಮಾಡಿದ ಶೆಲ್ಫುಗಳಿಗೆಲ್ಲ ಒಂದೇ ಕಾಯಿಲೆ. ಗೋಡೆಗೂಡಿನಲ್ಲಿ ಹಲಗೆ ಕೂರಿಸಿದರೆ ತುದಿಯಲ್ಲಿ ಸಣ್ಣ ಸಂದಿ. ‘ಸಿಲ್ವರ್ ಓಕ್ ಅಲ್ವೇನೋ, ಬೇಸಿಗೇಲಿ ಕುಗ್ಗಿದೆ. ಮಳೆ ಹಿಡೀಲಿ, ಉಬ್ಬಿ ಕೂರುತ್ತೆ.’ ಮಳೆ ಹಿಡಿಯಿತು. ಬಾಗಿಲುಗಳು ಉಬ್ಬಿ ಭುಜ ಕೊಟ್ಟು ನೂಕುವ ಹಾಗಾಯಿತು. ಸಂದಿ ಮಾತ್ರ ಹಾಗೇ ಇತ್ತು. ಅಲ್ಲಿಗೆ ಹಳೇ ಲಗ್ನಪತ್ರಿಕೆ ತುರುಕುವುದು ದೊಡ್ಡಮ್ಮನ ಪಾಲಿನ ಕೆಲಸ. ಅಡುಗೆಮನೆಯ ಶೆಲ್ಫಿನಲ್ಲಿರುವುದು ನನ್ನದೇ ಮದುವೆಯ ಪತ್ರಿಕೆ, ಎಣ್ಣೆ ಹಿಡಿದು ಕಪ್ಪಾಗಿದೆ. ದೊಡ್ಡಮ್ಮ ಈಗಿಲ್ಲ. ಅದನ್ನು ಎಳೆದುಹಾಕಲು ಮನೆಯಲ್ಲಿ ಯಾರಿಗೂ ಕೈ ಬರುವುದಿಲ್ಲ.

ಉಬ್ಬಿದ ಬಾಗಿಲಿಗೆ ಹತ್ತರಿ ಹೊಡೆಯಲು ಬಂದ ಆಚಾರ್ರು ನಮ್ಮ ಟೇಪು ನೋಡಿ ನಕ್ಕರು.

‘ಇದು ಅಲ್ಲಾಡಲೇಬೇಕು ಸಾರ್. ಕೊಕ್ಕೆ ಎಷ್ಟು ದಪ್ಪವೋ ಅಷ್ಟು. ಹಲಗೆಗೆ ಸಿಕ್ಕಿಸಿ ಎಳೆದರೆ ಮುಂದೆ ಬರುತ್ತೆ, ಗೋಡೆಗೆ ಒತ್ತಿದರೆ ಹಿಂದೆ ಹೋಗುತ್ತೆ. ಎರಡು ಥರ ಅಳೆದರೂ ಸರಿ ಬರಲಿ ಅಂತ ತೂತನ್ನೇ ಉದ್ದಕ್ಕೆ ಮಾಡಿರ್ತಾರೆ.’

ಬಡಿದು ಬಿಗಿ ಮಾಡಿದರೆ ಎರಡರಲ್ಲಿ ಒಂದು ಅಳತೆ ಹೆಚ್ಚುಕಡಿಮೆ 1 ಮಿಲಿಮೀಟರ್ ತಪ್ಪುತ್ತದೆ. ದೊಡ್ಡಪ್ಪ ಗೂಡು ಅಳೆಯುವುದು ಒತ್ತಿ, ಹಲಗೆ ಅಳೆಯುವುದು ಸಿಕ್ಕಿಸಿ. ಸಂದಿ ಬರದೆ ಇನ್ನೇನು? ಮಳೆಯ ವಾದವೂ ನಿಲ್ಲಲಿಲ್ಲ. ಮರ ಉಬ್ಬುವುದು ಅಗಲಕ್ಕೆ. ಉದ್ದಕ್ಕೆ ಉಬ್ಬುವುದು ಇಲ್ಲವೆನ್ನುವಷ್ಟು ಕಡಿಮೆ.

ದೊಡ್ಡಪ್ಪ ಆಗ ಏನೂ ಅನ್ನಲಿಲ್ಲ. ಹಿತ್ತಲಿಗೆ ಹೋಗಿ ಸುಮ್ನೆ ಮೆಣಸಿನ ಬಳ್ಳಿ ನೋಡುತ್ತಾ ನಿಂತರು.

ಈಗ ಹೊಸ ತಾಪತ್ರಯ ಶುರುವಾಗಿದೆ. ಕುಕ್ಕರಿನ ಹಿಡಿ ಕಳಚಿಬೀಳುವ ಹಾಗಿದೆ, ಒಂಚೂರು ಟೈಟ್ ಮಾಡಿಕೊಡಿ ಅಂದರೆ ಪೇಪರಿನಿಂದ ತಲೆಯೆತ್ತುವುದಿಲ್ಲ.

‘ಇರಲಿ ಬಿಡೋ. ಕಂಪನಿಯವರು ಏನೋ ಯೋಚನೆ ಮಾಡಿಯೇ ಲೂಸು ಬಿಟ್ಟಿರ್ತಾರೆ.’