ಮಾತ್ರೆ ಡಬ್ಬಿ

ನಮ್ಮ ಮನೆಯ ಫ್ರಿಜ್ಜಿನ ತಲೆಯ ಮೇಲೊಂದು ಬಿಸ್ಕತ್ತಿನ ಡಬ್ಬಿ ಕೂತಿದೆ. ಅದರಲ್ಲಿ ಬಿಸ್ಕತ್ತು ಇದ್ದದ್ದು ಯಾವ ಕಾಲದಲ್ಲೋ! ಈಗ ಮುಚ್ಚಳ ತೆಗೆದರೆ ಮೊದಲು ಅಮೃತಾಂಜನದ ವಾಸನೆ ಬರುತ್ತದೆ, ಆಮೇಲೆ ಮಾತ್ರೆಯ ಸ್ಟ್ರಿಪ್ಪುಗಳ ಚರಚರ ಸದ್ದು. ಒಂದೂ ಪೂರ್ತಿಯಾಗಿಲ್ಲ. ಮೆಡಿಕಲ್ ಶಾಪಿನ ಹುಡುಗ ಹತ್ತರ ಸ್ಟ್ರಿಪ್ಪಿನಿಂದ ನಾಲ್ಕನ್ನು ಕತ್ತರಿಸಿ ಕೊಡುವಾಗ ಹೆಸರಿನ ತಲೆ ಅಂಗಡಿಗೆ, ಬಾಲ ನಮಗೆ. ಅವಧಿ ಮುಗಿಯುವ ತಾರೀಖಂತೂ ತಪ್ಪದೆ ಅಂಗಡಿಯ ತುಂಡಿನಲ್ಲೇ ಉಳಿಯುತ್ತದೆ. ಹಾಗಾಗಿ ನಮ್ಮಲ್ಲಿ ಮಾತ್ರೆಗಳನ್ನು ಬಣ್ಣದಿಂದಲೇ ಕರೆಯುವುದು. 'ಗುಲಾಬಿಯದು ಮೈಕೈ ನೋವಿಗೆ. ಕೆಂಪು ಹಳದಿ ಕ್ಯಾಪ್ಸೂಲು ಗಂಟಲಿಗೆ, ಹೋದ ವರ್ಷ ನಿನ್ನ ಮಾವನಿಗೆ ಚೆನ್ನಾಗಿ ನಾಟಿತ್ತು' ಎನ್ನುತ್ತಾರೆ ಅಮ್ಮ.

ಡಾಕ್ಟರ ಬಳಿ ಏಕೆ ಹೋಗುವುದಿಲ್ಲ ಎಂದರೆ ಟೋಕನ್ನು, ಫೀಸು, ಕಾಯುವ ಬೆಂಚು ಎಂದೆಲ್ಲ ನೆಪ ಹೇಳುತ್ತೇವೆ. 'ಹೋದರೂ ಡೋಲೋ ತಾನೆ ಬರೆದುಕೊಡುವುದು' ಎಂಬ ವಾದ ಬೇರೆ. ನನ್ನ ಮಟ್ಟಿಗೆ ನಿಜವಾದ ಕಾರಣ ಅವರು ಕೇಳುವ ಪ್ರಶ್ನೆಗಳು. ಎಷ್ಟು ಗಂಟೆಗೆ ಮಲಗುತ್ತೀರಿ? ಬಿಪಿ ನೋಡಿಸಿ ಎಷ್ಟು ದಿನವಾಯಿತು? ತಲೆನೋವಿಗೆಂದು ಹೋದವನು ಜೀವನಕ್ಕೆಲ್ಲ ಲೆಕ್ಕ ಒಪ್ಪಿಸಬೇಕು. ಮೆಡಿಕಲ್ ಶಾಪಿನಲ್ಲಿ ಒಂದೇ ಪ್ರಶ್ನೆ: 'ಎಷ್ಟು ಕೊಡಲಿ?'

ಅಷ್ಟಾಗಿ, ಡಬ್ಬಿಯನ್ನು ತುಂಬಿಸಿದ್ದು ಅಂಗಡಿಯವನಲ್ಲ, ನಮ್ಮ ಜಿಪುಣತನ. ಡಾಕ್ಟರು ಐದು ದಿನಕ್ಕೆ ಆ್ಯಂಟಿಬಯಾಟಿಕ್ ಬರೆದಿರುತ್ತಾರೆ. ಮೂರನೆಯ ದಿನಕ್ಕೆ ಜ್ವರ ಇಳಿಯುತ್ತದೆ. ಉಳಿದ ಎರಡು ದಿನದ್ದನ್ನು ಸುಮ್ಮನೆ ಏಕೆ ನುಂಗಬೇಕು, ದುಡ್ಡು ಕೊಟ್ಟು ತಂದದ್ದಲ್ಲವೇ? ಅನ್ನ ಉಳಿದರೆ ಚಿತ್ರಾನ್ನ, ಮಾತ್ರೆ ಉಳಿದರೆ ಡಬ್ಬಿಗೆ.

ಪೆನಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಒಂದು ಕಲ್ಪಿತ ಕಥೆ ಹೇಳಿದ್ದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ತಂದು ಸಾಲದಷ್ಟು ತೆಗೆದುಕೊಳ್ಳುತ್ತಾನೆ. ರೋಗಾಣುಗಳು ಸಾಯುವುದಿಲ್ಲ, ಔಷಧಿಯನ್ನು ಎದುರಿಸುವ ವಿದ್ಯೆ ಕಲಿಯುತ್ತವೆ. ಅವು ಹೆಂಡತಿಗೆ ಅಂಟಿ ನ್ಯುಮೋನಿಯಾ ಆದಾಗ ಪೆನಿಸಿಲಿನ್ ಕೆಲಸ ಮಾಡುವುದಿಲ್ಲ, ಆಕೆ ಸಾಯುತ್ತಾಳೆ. ಇದನ್ನು ಓದಿದ ದಿನ ಫ್ರಿಜ್ಜಿನ ಕಡೆ ನೋಡಿದೆ. ಬಿಸ್ಕತ್ತಿನ ಡಬ್ಬಿಯಲ್ಲಿ ನಾವು ಇಷ್ಟು ವರ್ಷ ನಡೆಸಿದ್ದು ರೋಗಾಣುಗಳ ಪಾಠಶಾಲೆಯೇ ಇರಬೇಕು.

ಕೆಲವು ಸ್ಟ್ರಿಪ್ಪುಗಳ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿಯಿಲ್ಲದೆ ಇದನ್ನು ತೆಗೆದುಕೊಳ್ಳಬೇಡಿ ಎಂದು ಅದರ ಅರ್ಥ. 2016ರಲ್ಲಿ ಕೇಂದ್ರ ಸರ್ಕಾರ ಇದರ ಬಗ್ಗೆ ಪ್ರಚಾರವನ್ನೂ ಮಾಡಿತು. ನಾನು ಬಹಳ ಕಾಲ ಅದನ್ನು ಕತ್ತರಿ ಹಾಕುವ ಗುರುತು ಎಂದುಕೊಂಡಿದ್ದೆ. ಹೆಸರಿಗೆ ಓದಿದವನು.

ಕಳೆದ ಭಾನುವಾರ ಮನಸ್ಸು ಗಟ್ಟಿ ಮಾಡಿ ಡಬ್ಬಿಯನ್ನು ಹಳೆಯ ಪೇಪರಿನ ಮೇಲೆ ಬೋರಲು ಹಾಕಿದೆ. ಇಪ್ಪತ್ತಮೂರು ತುಂಡುಗಳು. ಹೆಸರು ಪೂರ್ತಿ ಓದಲು ಬಂದದ್ದು ಆರರಲ್ಲಿ ಮಾತ್ರ. ಒಂದರ ಬೆನ್ನಿನ ಮೇಲೆ ಅಪ್ಪನ ಅಕ್ಷರದಲ್ಲಿ 'ಊಟದ ನಂತರ' ಎಂದಿತ್ತು, ಯಾವ ರೋಗದ ಊಟವೋ ತಿಳಿಯಲಿಲ್ಲ. ಅದನ್ನು ಎಸೆಯಲು ಮನಸ್ಸು ಬಾರದೆ ಪಕ್ಕಕ್ಕಿಟ್ಟೆ. ಉಳಿದದ್ದನ್ನು ಮಡಿಚುತ್ತಿದ್ದಾಗ ಅಡುಗೆಮನೆಯಿಂದ ಅಮ್ಮನ ದನಿ ಬಂತು:

"ಗುಲಾಬಿಯದು ಎರಡು ಎತ್ತಿಡು. ಪಕ್ಕದ ಮನೆಯವರಿಗೆ ಸೊಂಟ ಹಿಡಿದಿದೆಯಂತೆ."