ಸ್ಪಷ್ಟನೆ: ಆಟಿಸಂ 'ಎಲ್ಲರಿಗೂ ಸ್ವಲ್ಪ ಸ್ವಲ್ಪ' ಇರುವುದಿಲ್ಲ

ಉಡುಪಿಯ ನಮ್ಮ ಪೋಷಕರ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: 'ಆಟಿಸಂ ಒಂದು ಸ್ಪೆಕ್ಟ್ರಮ್, ಹಾಗಾಗಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ.' ಇದು ತಪ್ಪು. ನಾನೂ ಸುಮ್ನೆ ಫಾರ್ವರ್ಡ್ ಮಾಡಿದ್ದೆ.

ಆಟಿಸಂ ಅಂದರೆ ಮಿದುಳಿನ ಬೆಳವಣಿಗೆಯಲ್ಲೇ ಇರುವ ಭಿನ್ನತೆ; ಇತರರೊಡನೆ ಬೆರೆಯುವ, ಮಾತಾಡುವ ರೀತಿ ಬೇರೆ ಇರುತ್ತದೆ. ಸ್ಪೆಕ್ಟ್ರಮ್ ಅಂದರೆ ಆಟಿಸಂ ಇರುವವರಲ್ಲೇ ಕಾಣುವ ಬಗೆಬಗೆ. ಕಮ್ಮಿ, ಜಾಸ್ತಿ ಅಂತ ಒಂದೇ ಗೆರೆಯಲ್ಲಿ ನಿಲ್ಲಿಸಲು ಬರುವುದಿಲ್ಲ. ಒಬ್ಬ ಹುಡುಗ ಮಂಗಳೂರು ಬಸ್ಸುಗಳ ಟೈಮಿಂಗ್ ಪೂರ್ತಿ ಬಾಯಿಪಾಠ ಹೇಳಬಹುದು. ಅದೇ ಬಸ್ಸಿನ ಹಾರ್ನ್ ಕೇಳಿದರೆ ಕಿವಿ ಮುಚ್ಚಿ ಕೂತುಬಿಡಬಹುದು. ಇನ್ನೊಬ್ಬಳಿಗೆ ಮಾತು ಬಾರದು, ಹಾರ್ನ್ ಲೆಕ್ಕಕ್ಕೇ ಇಲ್ಲ. ಯಾರದು 'ಜಾಸ್ತಿ'?

ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, ಆಟಿಸಂ ಅನ್ನಬೇಕಾದರೆ ಲಕ್ಷಣಗಳು ಚಿಕ್ಕಂದಿನಿಂದಲೇ ಇದ್ದು ದಿನದ ಬದುಕಿಗೆ ತೊಡಕಾಗಿರಬೇಕು. ಅದರ ಮೂರು ಹಂತಗಳು ಎಷ್ಟು ನೆರವು ಬೇಕು ಅನ್ನುವುದನ್ನು ಹೇಳುತ್ತವೆ. ಜಾತ್ರೆಯ ಗದ್ದಲ ಆಗುವುದಿಲ್ಲ ಅಂದಮಾತ್ರಕ್ಕೆ ಆಟಿಸಂ ಅಲ್ಲ.

ಆ ಮೆಸೇಜ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.