ಕೆಸರು ಬಲ್ಲವನ ಗ್ಲಾಸ್ಟನ್‌ಬರಿ

ಕುಂದಾಪುರದ ಕಡೆಯ ಬೈಲುಗದ್ದೆಯ ಅಂಚಿನಲ್ಲಿ ಹುಟ್ಟಿ ಬೆಳೆದವನಿಗೆ ಕೆಸರಿನ ವಿಷಯದಲ್ಲಿ ಒಂದು ಬಗೆಯ ಗರ್ವವಿರುತ್ತದೆ. 2016ರ ಜೂನ್ ತಿಂಗಳಲ್ಲಿ, ಇಂಗ್ಲೆಂಡಿನ ಸಾಮರ್‌ಸೆಟ್‌ನ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ಬಯಲೆಲ್ಲ ಮಳೆಗೆ ರಾಡಿಯಾಗಿದೆಯೆಂಬ ಸುದ್ದಿ ಬಂದಾಗ, ರೆಡಿಂಗ್‌ನ ನಮ್ಮ ಅಡುಗೆಮನೆಯಲ್ಲಿ ನಿಂತು ನಾನು ಹೆಂಡತಿಗೆ, "ಮೊಣಕಾಲುದ್ದದ ಕೆಸರಿನಲ್ಲಿ ಭತ್ತದ ನೇಜಿ ನೆಟ್ಟವರು ನಾವು, ಕಂಬಳ ನೋಡಿ ಬೆಳೆದವರು, ಇಂಗ್ಲಿಷರ ಕೆಸರಿಗೆಲ್ಲ ಹೆದರುವುದುಂಟೇ" ಎಂದಿದ್ದೆ. ಬಸವನಗುಡಿಯಲ್ಲಿ ಬೆಳೆದ ಅವಳು ಮಾತಾಡದೆ ಹೋಗಿ ಎರಡು ಜೊತೆ ಗಂಬೂಟು ಕೊಂಡು ತಂದಳು. (ನಿಜ ಹೇಳಬೇಕೆಂದರೆ ನೇಜಿ ನೆಟ್ಟದ್ದು ಅಮ್ಮ, ನಾನು ಅಂಚಿನ ಮೇಲೆ ಕುಳಿತು ಚಹಾದ ಪಾತ್ರೆ ಕಾಯುತ್ತಿದ್ದೆ.) ದಪ್ಪ ಕಾಲುಚೀಲ ಎರಡು ಜೊತೆ ಹಾಕಬೇಕಾಗುತ್ತದೆಂದು ನಾನೇ ಹಟ ಹಿಡಿದದ್ದರಿಂದ ನನ್ನ ಜೊತೆ ಒಂದು ಅಳತೆ ದೊಡ್ಡದಾಯಿತು. ಮುಂದಿನ ಅನಾಹುತಗಳಿಗೆಲ್ಲ ಇದೇ ಮೂಲ.

ಈ ಉತ್ಸವ ನಡೆಯುವುದು ಹೆಸರಿಗೆ ಗ್ಲಾಸ್ಟನ್‌ಬರಿಯಾದರೂ ಊರಿನಲ್ಲಲ್ಲ, ಅಲ್ಲಿಂದ ಕೆಲವು ಮೈಲಿ ಆಚೆ, ಪಿಲ್ಟನ್ ಎಂಬ ಹಳ್ಳಿಯ ವರ್ದಿ ಫಾರ್ಮ್ ಎಂಬ ಹೈನುಗಾರರ ಜಮೀನಿನಲ್ಲಿ. ತಂದೆ ತೀರಿಕೊಂಡಾಗ ಹತ್ತೊಂಬತ್ತರ ಪ್ರಾಯದಲ್ಲೇ ಹಸುಗಳ ಹೊಣೆ ಹೊತ್ತ ಮೈಕಲ್ ಈವಿಸ್ 1970ರ ಸೆಪ್ಟೆಂಬರ್ 19ರಂದು ಇಲ್ಲಿ ಮೊದಲ ಉತ್ಸವ ನಡೆಸಿದರು. ಟಿಕೆಟ್ಟಿಗೆ ಒಂದು ಪೌಂಡ್, ಜೊತೆಗೆ ಕೊಟ್ಟಿಗೆಯ ಹಾಲು ಪುಕ್ಕಟೆ, ಬಂದವರು ಸುಮಾರು 1,500 ಜನ. ಮರುವರ್ಷ ಪಿರಮಿಡ್ಡಿನ ಆಕಾರದ ವೇದಿಕೆ ಎದ್ದಿತು. 1981ರಲ್ಲಿ ಅದನ್ನು ಗಟ್ಟಿಮುಟ್ಟಾಗಿ ಕಟ್ಟಿದಾಗ, ಬೇಸಿಗೆಯಲ್ಲಿ ಹಾಡುಗಾರರಿಗೂ ಚಳಿಗಾಲದಲ್ಲಿ ಹಸುಗಳಿಗೂ ಅದೇ ಸೂರು ಎಂಬ ಏರ್ಪಾಡು ಮಾಡಿದರು. ಕೊಯ್ಲು ಮುಗಿದ ಗದ್ದೆಯಲ್ಲೇ ರಂಗಸ್ಥಳ ಕಟ್ಟಿ ಬೆಳಗಿನವರೆಗೆ ಯಕ್ಷಗಾನದ ಆಟ ಆಡಿಸುವ ಊರಿನವನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಐದಾರು ವರ್ಷಕ್ಕೊಮ್ಮೆ, 2006ರಲ್ಲಿ, 2012ರಲ್ಲಿ, ಆಮೇಲೆ 2018ರಲ್ಲಿ, ಹುಲ್ಲು ಚೇತರಿಸಿಕೊಳ್ಳಲೆಂದು ಉತ್ಸವವನ್ನೇ ನಿಲ್ಲಿಸಿಬಿಡುತ್ತಾರೆ. ನಮ್ಮಲ್ಲಿ ಇದಕ್ಕೆ ಗದ್ದೆ ಹಡಿಲು ಬಿಡುವುದು ಎನ್ನುತ್ತೇವೆ. ವ್ಯತ್ಯಾಸವೆಂದರೆ ನಮ್ಮ ಕಡೆ ಹಡಿಲು ಬಿಟ್ಟ ಗದ್ದೆ ಮತ್ತೆ ಗದ್ದೆಯಾಗುವುದು ಕಡಿಮೆ, ಸಾಮಾನ್ಯವಾಗಿ ಅದು ಸೈಟಾಗುತ್ತದೆ.

ಗುರುವಾರ ಮಧ್ಯಾಹ್ನ ಕಾಸಲ್ ಕೇರಿ ನಿಲ್ದಾಣದಲ್ಲಿ ರೈಲಿಳಿದು, ಉತ್ಸವದ ಬಸ್ಸು ಹಿಡಿದು ನಾವು ಬಯಲು ಸೇರಿದೆವು. ಬೇಲಿಯ ಒಳಗೆ ಸುಮಾರು 900 ಎಕರೆ; ರಾಕ್, ಜಾಝ್, ರೆಗೆ, ಜಾನಪದ, ನಾಟಕ, ಸರ್ಕಸ್ಸು ಎಂದು ಹತ್ತಾರು ವೇದಿಕೆಗಳು; ಎಲ್ಲರೂ ಮುಂಚೆಯೇ ಬಂದು ಎತ್ತರದ ಜಾಗ ಹಿಡಿದುಕೊಂಡಿದ್ದರು. ಹೆಂಡತಿ ಇನ್ನೂ ಸ್ವಲ್ಪ ಗುಡ್ಡ ಹತ್ತೋಣವೆಂದಳು. ನನಗೆ ತಗ್ಗಿನಲ್ಲೊಂದು ವಿಶಾಲವಾದ ಖಾಲಿ ಜಾಗ ಕಾಣಿಸಿತು. ಲಕ್ಷಾಂತರ ಜನ ಸೇರುವ ಕಡೆ ಒಂದು ಜಾಗ ಯಾಕೆ ಖಾಲಿ ಉಳಿದಿದೆ ಎಂಬ ಪ್ರಶ್ನೆ ಏಳಬೇಕಾಗಿತ್ತು. ನನಗೆ ಎದ್ದದ್ದು ಡೇರೆ ಮಾತ್ರ, ಅದೂ ಮೂರನೆಯ ಪ್ರಯತ್ನದಲ್ಲಿ. ಮನೆ ದಿಬ್ಬದಲ್ಲಿರಬೇಕು, ಗದ್ದೆ ಬೈಲಿನಲ್ಲಿರಬೇಕು ಎಂಬುದು ನಮ್ಮೂರಿನ ಎಳೆಮಕ್ಕಳಿಗೂ ಗೊತ್ತಿರುವ ಸಂಗತಿ. ಸಾವಿರಾರು ಡೇರೆಗಳ ನಡುವೆ ನಮ್ಮದರ ಗುರುತು ಸಿಗಲೆಂದು ಕೋಲಿಗೆ ಕೆಂಪು ಚೌಕುಳಿಯ ಬೈರಾಸು ಕಟ್ಟಿ, ಗೃಹಪ್ರವೇಶವಾಯಿತೆಂದು ಘೋಷಿಸಿದೆ.

ರಾತ್ರಿ ನೀರು ಒಳಗೆ ಬಂತು. ಬೆಳಿಗ್ಗೆ ಎದ್ದಾಗ ಮೂರು ದಿನಕ್ಕೆಂದು ಕಟ್ಟಿಕೊಂಡು ಬಂದಿದ್ದ ಅವಲಕ್ಕಿಯೆಲ್ಲ ಚೀಲದಲ್ಲೇ ನೆನೆದು, ಚಟ್ನಿಪುಡಿಯೊಂದಿಗೆ ತಾನಾಗಿಯೇ ಕಲಸಿಕೊಂಡಿತ್ತು. ಅದು ಜೂನ್ 24ರ ಶುಕ್ರವಾರ. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದು ಜನಮತ ಬಂದಿದೆಯೆಂಬ ಸುದ್ದಿ ಡೇರೆಯಿಂದ ಡೇರೆಗೆ ಹಬ್ಬುತ್ತಿತ್ತು. ಪಕ್ಕದ ಡೇರೆಯ ತರುಣರು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು, ಅವಲಕ್ಕಿಯ ಚೀಲವನ್ನು ಮುಂದಿಟ್ಟುಕೊಂಡು ನಾನೂ ಹಾಗೆಯೇ ಕುಳಿತಿದ್ದೆ. ಅವರಲ್ಲೊಬ್ಬ ಎದ್ದು ಬಂದು ನನ್ನ ಭುಜ ತಟ್ಟಿ, ನಿಮ್ಮಂಥವರಿಗೆ ಎಷ್ಟು ನೋವಾಗಿರಬೇಕೆಂದು ತಮಗೆ ಅರ್ಥವಾಗುತ್ತದೆ ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಆ ಹೊತ್ತಿನಲ್ಲಿ ಅವಲಕ್ಕಿಯ ವಿಚಾರ ಎತ್ತುವುದು ಸರಿಯಲ್ಲವೆನಿಸಿ ನಾನು ಸುಮ್ಮನೆ ತಲೆಯಾಡಿಸಿದೆ.

ಶೌಚದ ವ್ಯವಸ್ಥೆಯ ಬಗ್ಗೆ ಹೆಚ್ಚು ಬರೆಯುವುದು ಸಭ್ಯತೆಯಲ್ಲ. ಎತ್ತರದ ಕಟ್ಟೆಯ ಮೇಲೆ ಸಾಲಾಗಿ ಬಾಗಿಲುಗಳು, ಮೇಲೆ ತೆರೆದ ಆಕಾಶ, ಕೆಳಗೆ ಆಳವಾದ ಗುಂಡಿ, ಇಷ್ಟು ಹೇಳಿದರೆ ಸಾಕು. ಶುಕ್ರವಾರ ರಾತ್ರಿ ಹಣೆಗೆ ಕಟ್ಟಿಕೊಳ್ಳುವ ಬ್ಯಾಟರಿ ದೀಪವನ್ನು ಧರಿಸಿ, ನೀರು ತುಂಬಿದ ಬಾಟಲಿಯನ್ನು ಚೊಂಬಿನ ಸ್ಥಾನದಲ್ಲಿ ಹಿಡಿದು ನಾನು ಅಲ್ಲಿಗೆ ಹೋದೆ. ಬಗ್ಗಿದಾಗ ದೀಪ ಜಾರಿ ಬಿತ್ತು. ಜಲನಿರೋಧಕವೆಂದು ಅಂಗಡಿಯವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅದು ಪಾತಾಳದಲ್ಲಿ ಉರಿಯುತ್ತಲೇ ಇತ್ತು. ನನ್ನ ನಂತರ ಒಳಗೆ ಹೋದವರೊಬ್ಬರು ಆ ಕೆಳಗಿನ ಬೆಳಕನ್ನು ಕಂಡು ಕಿರಿಚಿಕೊಂಡು ಹೊರಗೋಡಿ ಬಂದರು. ನಾನು ಬಾಟಲಿಯನ್ನು ಮರೆಮಾಡಿಕೊಂಡು ಅವಸರದಲ್ಲಿ ನಡೆದೆ.

ಹೀಗೆ ದೀಪ ಹೋಯಿತು. ಶನಿವಾರ ರಾತ್ರಿ ಪಿರಮಿಡ್ ವೇದಿಕೆಯಲ್ಲಿ ಅಡೆಲ್ ಹಾಡುವವರಿದ್ದರು. ಹೆಂಡತಿ ಅದಕ್ಕೆಂದೇ ಹಿಂದಿನ ಅಕ್ಟೋಬರ್‌ನಲ್ಲಿ, ಅರ್ಧ ಗಂಟೆಯ ಆಸುಪಾಸಿನಲ್ಲೇ ಖರ್ಚಾಗಿಹೋದ ಟಿಕೆಟ್ಟುಗಳಲ್ಲಿ ಎರಡನ್ನು, ಎರಡು ಕಂಪ್ಯೂಟರ್ ಮುಂದಿಟ್ಟುಕೊಂಡು ಗಿಟ್ಟಿಸಿದ್ದಳು. ದಾರಿಯ ಮೇಲೆ ಮರದ ಚಕ್ಕೆಗಳನ್ನು ಲಾರಿಗಟ್ಟಲೆ ತಂದು ಹರಡಿದ್ದರು. ಹತ್ತಿರದ ಹಾದಿಯೆಂದು ನಾನು ಅದನ್ನು ಬಿಟ್ಟು ಅಡ್ಡಹಾದಿ ಹಿಡಿದೆ. ನಮ್ಮ ಗದ್ದೆಯ ಕೆಸರು ಸಾಧು. ಕಾಲನ್ನು ಒಳಗೆ ಬಿಟ್ಟುಕೊಂಡಷ್ಟೇ ಸಲೀಸಾಗಿ ಹೊರಗೂ ಬಿಡುತ್ತದೆ. ಲಕ್ಷಾಂತರ ಜನ ತುಳಿದು ತುಳಿದು ಹದ ಮಾಡಿದ ಈ ಜೇಡಿಯಾದರೋ ಹಲಸಿನ ಹಣ್ಣಿನ ಮೇಣದ ಜಾತಿ. ಎಡಗಾಲಿನ ಬೂಟು ಹೂತುಕೊಂಡಿತು. ಎಳೆದೆ, ಕಾಲು ಬಂತು, ಕಾಲುಚೀಲ ಅರ್ಧ ಬಂತು, ಬೂಟು ಬರಲಿಲ್ಲ. ಒಂಟಿಕಾಲಿನಲ್ಲಿ ಕೊಕ್ಕರೆಯಂತೆ ನಿಂತ ನನ್ನನ್ನು ಕಂಡು ದಾರಿಹೋಕ ಮುದುಕರೊಬ್ಬರು, ಈ ವರ್ಷ ಸ್ವಲ್ಪ ತೇವ ಇದೆ ಅಲ್ಲವೇ ಎಂದು ಮುಗುಳ್ನಕ್ಕು ಮುಂದೆ ಸಾಗಿದರು.

ಆಗ ನನ್ನೊಳಗಿನ ರೈತ ಎಚ್ಚರಗೊಂಡ. ಕೆಸರಿಗೆ ಇಳಿಯುವವನು ಬೂಟು ಹಾಕುವುದೇ ತಪ್ಪು, ನೇಜಿ ನೆಡುವವರು ಯಾರಾದರೂ ಬೂಟು ಹಾಕಿದ್ದುಂಟೇ ಎಂದು ತರ್ಕಿಸಿ, ಇನ್ನೊಂದನ್ನೂ ಕಳಚಿ ಕೈಯಲ್ಲಿ ಹಿಡಿದು, "ನೀನು ಮುಂದೆ ನಡೆ, ನಾನು ಬಂದೆ" ಎಂದು ಹೆಂಡತಿಗೆ ಹೇಳಿ, ಕಂಬಳದ ಓಟಗಾರನ ಗತ್ತಿನಲ್ಲಿ ಹೆಜ್ಜೆ ಹಾಕಿದೆ. "ಕೆಸರಿನ ವಿಷಯ ನಿಮಗೇ ಗೊತ್ತು" ಎಂದು ಅವಳು ಹೊರಟುಹೋದಳು. ನಾಲ್ಕನೆಯ ಹೆಜ್ಜೆಗೆ, ಕತ್ತಲಲ್ಲಿ ಕಾಣದ ಯಾವುದೋ ಡೇರೆಯ ಕಬ್ಬಿಣದ ಗೂಟಕ್ಕೆ ನನ್ನ ಹೆಬ್ಬೆರಳು ಎಡವಿತು.

ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ದಾದಿ ಕಾಲು ತೊಳೆಯುತ್ತ, ಬರಿಗಾಲಿನಲ್ಲಿ ಏಕೆ ನಡೆದಿರಿ ಎಂದು ವಿಚಾರಿಸಿದಳು. ನಾನು ಕರಾವಳಿಯ ಸಂಸ್ಕೃತಿ, ಗದ್ದೆ, ಜೋಡಿ ಕೋಣಗಳು, ಅವುಗಳ ಹಿಂದೆ ಕೆಸರಿನಲ್ಲಿ ಓಡುವ ವೀರರು ಎಲ್ಲವನ್ನೂ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿ, "ಕೋಣಗಳ ಸಂಗತಿ ಇರಲಿ, ನೀವು ಧನುರ್ವಾಯುವಿನ ಚುಚ್ಚುಮದ್ದು ತೆಗೆದುಕೊಂಡದ್ದು ಯಾವಾಗ?" ಎಂದಳು. ಅಷ್ಟರಲ್ಲಿ ದೂರದಿಂದ ಅಡೆಲ್ ಅವರ ದನಿ ಗಾಳಿಯಲ್ಲಿ ತೇಲಿ ಬಂತು. ದೇಶವೇ ಮೆಚ್ಚಿದ ಆ ಕಛೇರಿಯನ್ನು ನಾನು ಔಷಧದ ಉರಿಯೊಂದಿಗೆ, ಬಿಸಿಲಿಗೆ ಬೆಂದ ತಲೆ ಹಿಡಿದುಕೊಂಡಿದ್ದ ಒಬ್ಬ ಹುಡುಗನ ಪಕ್ಕದಲ್ಲಿ ಕುಳಿತು, ಗಾಳಿ ಬೀಸಿದಷ್ಟು ಮಾತ್ರ ಕೇಳಿದೆ.

ಭಾನುವಾರ ರಾತ್ರಿ ಕೋಲ್ಡ್‌ಪ್ಲೇ ತಂಡದೊಂದಿಗೆ ಎಂಬತ್ತರ ಈವಿಸ್ ಅವರೇ ವೇದಿಕೆಯೇರಿ ಹಾಡಿದರು. ಅದನ್ನು ಮಾತ್ರ ಕಣ್ಣಾರೆ ಕಂಡೆ, ಒಂದು ಕಾಲಿಗೆ ಗಂಬೂಟು, ಇನ್ನೊಂದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು.

ಸೋಮವಾರ ರೈಲಿನಲ್ಲಿ ಅಮ್ಮನಿಗೆ ಫೋನು ಮಾಡಿದೆ. ಟಿಕೆಟ್ಟಿನ ಬೆಲೆ 200 ಪೌಂಡಿಗೂ ಮೇಲೆ ಎಂಬುದನ್ನು ಹೆಂಡತಿ ಮೊದಲೇ ತಿಳಿಸಿಬಿಟ್ಟಿದ್ದಳು. "ಕೆಸರಲ್ಲ್ ಬೀಳುಕೆ ಅಷ್ಟ್ ದುಡ್ಡ್ ಕೊಡ್ಕಾ ಮಗಾ? ನಮ್ಮ ಬೈಲ್ ಗದ್ದಿ ಇರ್ಲಿಲ್ಯಾ?" ಎಂದು ಅಮ್ಮ ಕೇಳಿದರು. ಮಾತು ತಪ್ಪಿಸಲೆಂದು ನಾನು ಈವಿಸ್ ಅವರ ಹಸುಗಳ ಕತೆ, ಮೊದಲ ವರ್ಷ ಹಾಲು ಪುಕ್ಕಟೆ ಹಂಚಿದ ಕತೆ ಹೇಳಿದೆ. ಅಮ್ಮನಿಗೆ ಅದು ಹಿಡಿಸಿತು.

"ಹೌದಾ? ನಿಮ್ಗೆ ಹಾಲಾರೂ ಕೊಟ್ರಾ?"

"ಚಹಾದಲ್ಲಿ ಸ್ವಲ್ಪ ಇತ್ತಮ್ಮ," ಎಂದೆ.